ಊರಿಡೀ ಹಬ್ಬ, ನನಗೊಂದು ಮೇಜು: ಕರಕುಶಲ ಉತ್ಸವಕ್ಕೆ ಅರ್ಜಿ ಹಾಕುವುದರಿಂದ ಲೆಕ್ಕ ಮುಗಿಸುವವರೆಗೆ

ಕೊನೆಯ ಪೆಟ್ಟಿಗೆಯನ್ನು ಮೂರನೇ ಮಹಡಿಗೆ ಹೊತ್ತು ತಂದು ಇಳಿಸಿ ಇವತ್ತಿಗೆ ಒಂದು ವಾರ. ಸೊಂಟನೋವು ಈಗಷ್ಟೇ ಇಳಿದಿದೆ. ಮರೆತುಹೋಗುವ ಮುಂಚೆ ಎಲ್ಲ ಬರೆದುಬಿಡೋಣ ಅಂತ ಕೂತಿದ್ದೇನೆ. ಅರ್ಜಿ ಹಾಕುವಾಗ ಇಂಥದ್ದೊಂದು ಬರಹಕ್ಕಾಗಿ ನಾನು ಹುಡುಕಿ ಹುಡುಕಿ ಸಾಕಾಗಿದ್ದೆ. ಉತ್ಸವದ ಚಂದದ ಫೋಟೋಗಳು ಬೇಕಾದಷ್ಟು ಸಿಕ್ಕವು. ಯಾವ ಕಾಗದಪತ್ರ ಬೇಕು, ಎಷ್ಟು ದಿನ ಕಾಯಬೇಕು, ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ನನ್ನ ಕೆಲಸ ಪುಸ್ತಕ ಕಟ್ಟುವುದು. ಖಾಲಿ ಹಾಳೆಯ ಪುಸ್ತಕಗಳು. ಹಾಳೆ ಮಡಚಿ ಒಂದರೊಳಗೊಂದು ಕೂರಿಸಿ ಚಿಕ್ಕ ಕಟ್ಟು, ಅಂದರೆ ಫಾರಂ ಮಾಡಿ, ದಬ್ಬಳದಿಂದ ತೂತು ಮಾಡಿ, ಮೇಣ ಸವರಿದ ಲಿನನ್ ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ಬಟ್ಟೆ ಸುತ್ತಿದ ರಟ್ಟು ಕೂರಿಸುತ್ತೇನೆ. ಆರು ವರ್ಷವಾಯಿತು. ಇಷ್ಟು ದಿನ ಗೊತ್ತಿದ್ದವರಿಗೆ, ಅವರಿಗೆ ಗೊತ್ತಿದ್ದವರಿಗೆ ಮಾರಿದ್ದೇ ಹೆಚ್ಚು. ಸ್ಟಾಲ್ ಹಾಕಿ ನಿಂತದ್ದು ಇದೇ ಮೊದಲು.

ಊರಿಡೀ ನಡೆಯುವ ಇಂಥ ಕರಕುಶಲ, ವಿನ್ಯಾಸ ಉತ್ಸವ ಅಂದರೆ ಒಂದು ಮೈದಾನದಲ್ಲಿ ಸಾಲಾಗಿ ಅಂಗಡಿ ಹಾಕುವ ಮೇಳದ ಥರ ಅಲ್ಲ. ಇದು ತಲೆಗೆ ಹೋಗಲು ನನಗೇ ಸ್ವಲ್ಪ ದಿನ ಬೇಕಾಯಿತು. ಮಿಲಾನ್‌ನಲ್ಲಿ 1961ರಲ್ಲಿ ಪೀಠೋಪಕರಣ ಮೇಳ ಶುರುವಾಯಿತು. ಆಮೇಲೆ ಮೇಳದ ಹೊರಗೆ, ಊರಿನ ಗ್ಯಾರೇಜು, ಅಂಗಳ, ಹಳೇ ಕಾರ್ಖಾನೆಗಳಲ್ಲೆಲ್ಲ ಪ್ರದರ್ಶನಗಳು ಹಬ್ಬಿಕೊಂಡವು. ಲಂಡನ್‌ನ ಉತ್ಸವ 2003ರಿಂದ ನಡೆಯುತ್ತಿದೆ. ನೆದರ್ಲೆಂಡ್ಸ್‌ನ ಐಂಡ್‌ಹೋವೆನ್‌ನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಒಂಬತ್ತು ದಿನ ಊರೇ ಪ್ರದರ್ಶನವಾಗುತ್ತದೆ. ಬೇರೆ ಊರಿನ ಉತ್ಸವಗಳೂ ಹೆಚ್ಚುಕಡಿಮೆ ಇದೇ ಅಚ್ಚಿನವು. ಒಂದು ಮುಖ್ಯ ಸಭಾಂಗಣ ಇರುತ್ತದೆ. ಅಲ್ಲಿ ಆಯ್ಕೆ ಸಮಿತಿ ಆರಿಸಿದವರಿಗೆ ಮಾತ್ರ ಜಾಗ. ಅದರ ಜೊತೆಗೆ ತೆರೆದ ಕಾರ್ಯಾಗಾರ, ಅಂದರೆ ನಿಮ್ಮ ಕೆಲಸದ ಕೋಣೆಗೇ ಜನ ಬರುವುದು. ಇನ್ನು ಅಂಗಡಿಗಳ ಕಿಟಕಿ, ಗ್ರಂಥಾಲಯದ ಮೂಲೆ, ಅಲ್ಲೊಂದು ಇಲ್ಲೊಂದು ಕಲಿಕಾ ಶಿಬಿರ. ಇವನ್ನೆಲ್ಲ ಒಂದು ನಕ್ಷೆ ಕೂಡಿಸುತ್ತದೆ. ಆ ನಕ್ಷೆಯಲ್ಲಿ ನಿಮ್ಮ ಹೆಸರು ಇದ್ದರೆ ನೀವು ಉತ್ಸವದಲ್ಲಿದ್ದೀರಿ, ಇಲ್ಲದಿದ್ದರೆ ಇಲ್ಲ.

ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಕೊನೆಯ ದಿನ. ಮೊದಲು ಇದನ್ನು ನೋಡಿಕೊಳ್ಳಿ. ನಾನು ಸಭಾಂಗಣದ ಅರ್ಜಿ ಒಂದನ್ನೇ ನೋಡಿ ಕೂತಿದ್ದೆ.

ಅರ್ಜಿ ಹಾಕಿದ್ದು ಉತ್ಸವಕ್ಕೆ ಏಳು ತಿಂಗಳ ಮುಂಚೆ. ಬಹಳ ಬೇಗ ಅನ್ನಿಸುತ್ತದೆ, ಆದರೆ ಕೊನೆಯ ದಿನ ಅದೇ ಇತ್ತು. ಕೇಳಿದ್ದು ಇಷ್ಟು. ಗುರುತಿನ ಚೀಟಿ, ವ್ಯಾಪಾರ ನೋಂದಣಿ ಅಥವಾ ತೆರಿಗೆ ಸಂಖ್ಯೆ, ಬ್ಯಾಂಕ್ ವಿವರ, ಆರು ಫೋಟೋ, ಕೆಲಸ ನಡೆಯುತ್ತಿರುವಾಗ ತೆಗೆದ ಎರಡು ಫೋಟೋ, ಬೆಲೆಗಳ ಅಂದಾಜು, ಮತ್ತು ನಿಮ್ಮ ಬಗ್ಗೆ ನೂರು ಪದ. ಕೆಲಸದ ಫೋಟೋ ಕೇಳುವುದಕ್ಕೆ ಕಾರಣ ಇದೆ. ಎಲ್ಲೋ ಸಗಟಾಗಿ ಕೊಂಡು ತಂದು ‘ನಾನೇ ಮಾಡಿದ್ದು’ ಅಂತ ಮಾರುವವರನ್ನು ಸೋಸಲು ಅದೇ ಜರಡಿ. ಕೈ ಕಾಣಬೇಕು, ಅರ್ಧ ಆದ ಸಾಮಾನು ಕಾಣಬೇಕು. ಮೇಜನ್ನು ಒಪ್ಪ ಮಾಡಿ ತೆಗೆದ ಫೋಟೋ ಕಳಿಸಬೇಡಿ.

ಫೋಟೋಗಳಲ್ಲಿ ನಾನು ಎರಡು ತಪ್ಪು ಮಾಡಿದೆ. ಒಂದು ಅಳತೆಯದ್ದು. ಮುದ್ರಣಕ್ಕೆ 300 ಡಿಪಿಐ, ಅಂದರೆ ಒಂದು ಇಂಚಿಗೆ 300 ಚುಕ್ಕಿ ಬೇಕು ಎಂದಿತ್ತು. ನಾನು ಮೊಬೈಲಿನಿಂದ ಮೊಬೈಲಿಗೆ ಮೆಸೇಜಿನಲ್ಲಿ ಕಳಿಸಿಕೊಂಡ ಫೋಟೋಗಳನ್ನೇ ಹಾಕಿದೆ. ಹಾಗೆ ಕಳಿಸುವಾಗ ಆ್ಯಪ್ ಫೋಟೋವನ್ನು ಕುಗ್ಗಿಸಿಬಿಡುತ್ತದೆ. ಎ5 ಅಳತೆಯ ಒಂದು ಪುಟ ತುಂಬ ಅಚ್ಚಾಗಲು ಸುಮಾರು 1748 ಅಡ್ಡ, 2480 ಉದ್ದ ಪಿಕ್ಸೆಲ್ ಬೇಕು. ನನ್ನವು ಅದರ ಅರ್ಧವೂ ಇರಲಿಲ್ಲ. ಎರಡನೆಯದು ದೊಡ್ಡ ತಪ್ಪು. ಆರು ಫೋಟೋಗಳಲ್ಲಿ ನನಗೆ ಬರುವ ಎಲ್ಲವನ್ನೂ ತುಂಬಿದ್ದೆ. ದಿನಚರಿ, ಆಲ್ಬಮ್, ಪೆನ್ನಿನ ಪೆಟ್ಟಿಗೆ, ಬಣ್ಣ ತೇಲಿಸಿ ಮಾಡಿದ ಚಿತ್ತಾರದ ಕಾಗದ, ಒಂದು ಚೀಲ ಕೂಡ. ನೂರು ಪದದಲ್ಲೂ ಅದೇ ಕಥೆ. ಬಾಲ್ಯದಲ್ಲಿ ಕಾಗದದ ದೋಣಿ ಮಾಡುತ್ತಿದ್ದೆ ಅಂತ ಶುರುವಾಗಿ, ಪರಿಸರ ಪ್ರೀತಿಯಲ್ಲಿ ಮುಗಿದಿತ್ತು. ಪುಸ್ತಕ ಅನ್ನುವ ಮಾತು ಬಂದಿದ್ದು ಅರವತ್ತನೇ ಪದಕ್ಕೋ ಏನೋ.

ಆಮೇಲೆ ಕಾಯುವುದು. ಎಂಟು ವಾರ ಅಂದಿದ್ದರು, ಹನ್ನೊಂದಾಯಿತು. ಈ ದಿನಗಳ ಬಗ್ಗೆ ಹೇಳಲು ಏನೂ ಇಲ್ಲ. ದಿನಕ್ಕೆ ಹತ್ತು ಸಲ ಮೇಲ್ ನೋಡುವುದು, ಅಷ್ಟೇ. ಹೊಸ ಪುಸ್ತಕ ಶುರು ಮಾಡಲು ಮನಸ್ಸಿಲ್ಲ. ಆಯ್ಕೆಯಾದರೆ ಏನು ಮಾಡಬೇಕು, ಆಗದಿದ್ದರೆ ಏನು ಮಾಡಬೇಕು ಎರಡೂ ಗೊತ್ತಿಲ್ಲ. ಹನ್ನೊಂದನೇ ವಾರ ತಡೆಯಲಾರದೆ ಫೋನ್ ಮಾಡಿದೆ. ‘ಮೇಡಂ, ಮೂರು ದಿನದ ಹಿಂದೆಯೇ ಕಳಿಸಿದ್ದೀವಲ್ಲ’ ಎಂದರು. ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಅರ್ಜಿ ಹಾಕಿದ ದಿನವೇ ಅವರ ಮೇಲ್ ವಿಳಾಸವನ್ನು ನಿಮ್ಮ ಸಂಪರ್ಕ ಪಟ್ಟಿಗೆ ಸೇರಿಸಿಕೊಳ್ಳಿ. ಒಪ್ಪಿಗೆ ತಿಳಿಸಲು ಐದೇ ದಿನ ಇರುತ್ತದೆ.

ಮೇಲ್‌ನಲ್ಲಿ ಇದ್ದದ್ದು ‘ಕಾಯುವ ಪಟ್ಟಿ’ ಎಂದು. ಕಾರಣ ಕೇಳಿದರೆ ಒಂದು ಸಾಲು ಕೊಟ್ಟರು. ಕೆಲಸ ಚೆನ್ನಾಗಿದೆ, ಏನು ತೋರಿಸುತ್ತೀರಿ ಎಂಬುದು ಸ್ಪಷ್ಟವಿಲ್ಲ. ಮೊದಲು ಸಿಟ್ಟು ಬಂತು. ಎರಡು ದಿನ ಬಿಟ್ಟು ನನ್ನದೇ ಅರ್ಜಿಯನ್ನು ತೆರೆದು, ಆರು ಫೋಟೋಗಳನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿದೆ. ಸಮಿತಿಯವರು ನೂರಾರು ಅರ್ಜಿಗಳ ನಡುವೆ ನೋಡುವುದು ಹಾಗೆಯೇ. ಆರು ಬೇರೆ ಬೇರೆ ಮಂದಿಯ ಫೋಟೋ ಇದ್ದ ಹಾಗಿತ್ತು. ಅವರು ಹೇಳಿದ್ದು ಸರಿ.

ಅಷ್ಟರಲ್ಲಿ ತೆರೆದ ಕಾರ್ಯಾಗಾರದ ಅರ್ಜಿಗೆ ಇನ್ನೂ ನಾಲ್ಕು ದಿನ ಬಾಕಿ ಇರುವುದು ಗೊತ್ತಾಯಿತು. ಅದಕ್ಕೆ ಆಯ್ಕೆ ಸಮಿತಿ ಇಲ್ಲ. ಶುಲ್ಕ ಕಟ್ಟಿ, ಜಾಗ ಸುರಕ್ಷಿತ ಎಂದು ಬರೆದುಕೊಟ್ಟರೆ ನಕ್ಷೆಯಲ್ಲಿ ಹೆಸರು ಬರುತ್ತದೆ. ಈ ಸಲ ನೂರು ಪದದ ಜಾಗದಲ್ಲಿ ಬರೆದದ್ದು ಎರಡೇ ವಾಕ್ಯ. ‘ಕೈಯಲ್ಲಿ ಹೊಲಿದ ಖಾಲಿ ಪುಸ್ತಕ ಮಾಡುತ್ತೇನೆ. ಯಾವ ಪುಟ ತೆರೆದರೂ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ.’

‘ಸುರಕ್ಷಿತ’ ಅನ್ನುವ ಆ ಒಂದು ಪದಕ್ಕೆ ಮೂರು ವಾರ ಹೋಯಿತು. ವಿಮೆ ಬೇಕು. ನಮ್ಮ ಸಾಮಾನಿಗಲ್ಲ, ಬಂದವರಿಗೆ ಪೆಟ್ಟಾದರೆ ಅಂತ. ಮನೆ ವಿಮೆ ಇದೆಯಲ್ಲ ಎಂದುಕೊಂಡಿದ್ದೆ. ಅದು ಮನೆಗೆ ಬರುವ ನೆಂಟರಿಷ್ಟರಿಗೆ, ವ್ಯಾಪಾರಕ್ಕೆ ಬರುವವರಿಗೆ ಆಗುವುದಿಲ್ಲ ಎಂದರು. ಬೇರೆ ಪಾಲಿಸಿ ಮಾಡಿಸಬೇಕಾಯಿತು. ಅದನ್ನು ಕೇವಲ ಉತ್ಸವದ ದಿನಗಳಿಗೆ ಮಾಡಿಸಿದರೆ ಕಡಿಮೆ ಆಗುತ್ತದೆ, ಆದರೆ ಸಾಮಾನು ಜೋಡಿಸುವ ದಿನ, ಬಿಚ್ಚುವ ದಿನ ಎರಡೂ ಅದರೊಳಗೆ ಬರಬೇಕು. ನಾನು ಬಿಚ್ಚುವ ದಿನವನ್ನು ಮರೆತು, ಮತ್ತೆ ತಿದ್ದಿಸಿದೆ. ಇನ್ನೊಂದು ಕಾಗದ ಅಪಾಯದ ಪಟ್ಟಿ. ಎಲ್ಲಿ ಎಡವಬಹುದು, ಏನು ಚುಚ್ಚಬಹುದು, ಏನಕ್ಕೆ ಬೆಂಕಿ ತಗುಲಬಹುದು, ಅದಕ್ಕೆ ನೀವೇನು ಮಾಡಿದ್ದೀರಿ ಅಂತ ಬರೆಯಬೇಕು. ಬರೆಯುವಾಗ ಬೇಸರ ಬರುತ್ತದೆ ನಿಜ. ಆದರೆ ಬರೆದ ಮೇಲೆ ನನ್ನ ಕೋಣೆಯನ್ನು ನೋಡಿದರೆ ಬಾಗಿಲ ಪಕ್ಕದಲ್ಲೇ ಕಾಗದ ಕತ್ತರಿಸುವ ದೊಡ್ಡ ಬ್ಲೇಡಿನ ಯಂತ್ರ, ಅದರ ಹಿಡಿ ಮಕ್ಕಳ ಎತ್ತರಕ್ಕೇ ಇತ್ತು! ಬೀಗ ಹಾಕಿ ಮೂಲೆಗೆ ತಳ್ಳಿದೆ.

ಮೂರನೇ ಮಹಡಿ, ಲಿಫ್ಟ್ ಇಲ್ಲ. ಇದನ್ನು ನಕ್ಷೆಯ ವಿವರದಲ್ಲಿ ಹಾಕಲೇಬೇಕು. ಹಾಕದಿದ್ದರೆ ಮಂಡಿನೋವಿನವರು ಕೆಳಗಿನವರೆಗೆ ಬಂದು ಬೈದುಕೊಂಡು ಹೋಗುತ್ತಾರೆ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ. ಶೌಚಾಲಯ ಕೊಡುತ್ತೀರೋ ಇಲ್ಲವೋ ಅದನ್ನೂ ನಿರ್ಧರಿಸಿಕೊಂಡಿರಿ, ಒಬ್ಬರಾದರೂ ಕೇಳೇ ಕೇಳುತ್ತಾರೆ.

ಇನ್ನೇನು ಎಲ್ಲ ಸರಿಯಾಯಿತು, ಅರವತ್ತು ಪುಸ್ತಕ ಕಟ್ಟಿಟ್ಟಿದ್ದೇನೆ, ಎರಡು ದಿನದ ತೆರೆದ ಬಾಗಿಲಿಗೆ ಅಷ್ಟು ಸಾಕು ಅಂದುಕೊಂಡು ಕೂತಿದ್ದಾಗ ಫೋನ್ ಬಂತು. ಉತ್ಸವಕ್ಕೆ 19 ದಿನ ಬಾಕಿ. ಸಭಾಂಗಣದಲ್ಲಿ ಒಬ್ಬರು ಹಿಂದೆ ಸರಿದಿದ್ದಾರೆ, ನಾಲ್ಕು ದಿನದ ಸ್ಟಾಲ್, ಬರುತ್ತೀರಾ? ನಾಳೆ ಮಧ್ಯಾಹ್ನದೊಳಗೆ ಹೇಳಬೇಕು.

ಹೂಂ ಅಂದೆ. ಫೋನ್ ಇಟ್ಟ ಮೇಲೆ ಕೈ ನಡುಗಿತು.

ಹೂಂ ಅನ್ನುವ ಮುಂಚೆ ಕೇಳಬೇಕಾದದ್ದನ್ನು ನಾನು ಕೇಳಲಿಲ್ಲ. ಕಾಯುವ ಪಟ್ಟಿಯಲ್ಲಿರುವವರು ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಶುಲ್ಕದಲ್ಲಿ ಮೇಜು, ಗೋಡೆ, ದೀಪ, ಕರೆಂಟ್ ಪಾಯಿಂಟ್ ಸೇರಿದೆಯೇ? ಛಾಪಿಸಿದ ನಕ್ಷೆಯಲ್ಲಿ ಹೆಸರು ಬರುತ್ತದೆಯೇ? ವಾಹನ ಎಲ್ಲಿಯವರೆಗೆ ಬರಬಹುದು? ನನಗೆ ಸಿಕ್ಕ ಉತ್ತರ ಮೂರಕ್ಕೂ ಕೆಟ್ಟದಾಗಿತ್ತು. ಮೇಜು ಇಲ್ಲ, ಹಿಂದಿನ ಗೋಡೆ ಮಾತ್ರ. ಕರೆಂಟ್ ಪಾಯಿಂಟ್ ಕೇಳುವ ಕೊನೆಯ ದಿನ ಮುಗಿದಿದೆ. ನಕ್ಷೆ ಅಚ್ಚಿಗೆ ಹೋಗಿಯಾಗಿದೆ, ನನ್ನ ಸ್ಟಾಲ್ ಸಂಖ್ಯೆಯ ಎದುರು ಹಿಂದೆ ಸರಿದವರ ಹೆಸರೇ ಇರುತ್ತದೆ. ನಾಲ್ಕೂ ದಿನ ಜನ ಬಂದು ‘ಕಿವಿಯೋಲೆ ಎಲ್ಲಿ?’ ಎಂದು ಕೇಳಿದರು.

ಲೆಕ್ಕ ಹಾಕಿದೆ. ನಾಲ್ಕು ದಿನಕ್ಕೆ 150 ಪುಸ್ತಕ ಬೇಕು. ಇರುವುದು 60. ಇನ್ನು 90 ಆಗಬೇಕು. ಒಟ್ಟಿಗೆ ಮಾಡಿದರೂ ಒಂದಕ್ಕೆ ಎರಡು ಗಂಟೆ, ಅಂದರೆ 180 ಗಂಟೆ. ದಿನಕ್ಕೆ ಒಂಬತ್ತೂವರೆ ಗಂಟೆ, ಒಂದು ದಿನವೂ ಬಿಡುವಿಲ್ಲದೆ. ನನ್ನ ಎ5 ಪುಸ್ತಕದಲ್ಲಿ 16 ಪುಟದ ಹತ್ತು ಫಾರಂ ಇರುತ್ತವೆ, ಒಟ್ಟು 160 ಪುಟ. ಒಂದು ಫಾರಂ ಅಂದರೆ ನಾಲ್ಕು ಹಾಳೆಯ ಮಡಿಕೆ. 90 ಪುಸ್ತಕಕ್ಕೆ ಎಷ್ಟು ಮಡಿಕೆ ಅಂತ ನೀವೇ ಗುಣಿಸಿಕೊಳ್ಳಿ, ನಾನು ಗುಣಿಸಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಆಮೇಲೆ ಅದರಲ್ಲಿ ಹೆಚ್ಚಿನವನ್ನು ಅಂಗೈ ಅಗಲದ ಚಿಕ್ಕ ಪುಸ್ತಕ ಮಾಡಿದೆ. ಅದೇ ನನ್ನನ್ನು ಉಳಿಸಿದ್ದು, ಅದನ್ನು ಮುಂದೆ ಹೇಳುತ್ತೇನೆ.

ಆ ಗಡಿಬಿಡಿಯಲ್ಲಿ ಒಂದು ರಾತ್ರಿ ರಟ್ಟು ಕಡಿಮೆ ಬಿತ್ತು. ಕಾಗದಕ್ಕೂ ರಟ್ಟಿಗೂ ಮರದ ಹಾಗೆ ನಾರಿನ ದಿಕ್ಕು ಇರುತ್ತದೆ. ತೇವ ತಾಗಿದರೆ ನಾರು ಉದ್ದಕ್ಕಿಂತ ಅಗಲಕ್ಕೆ ಜಾಸ್ತಿ ಉಬ್ಬುತ್ತದೆ. ಹಾಗಾಗಿ ರಟ್ಟು, ಹೊದಿಕೆ, ಒಳಗೆ ಅಂಟಿಸುವ ಹಾಳೆ, ಮೂರರ ನಾರೂ ಪುಸ್ತಕದ ಬೆನ್ನಿಗೆ ಸಮನಾಗಿ ಮೇಲಿಂದ ಕೆಳಗೆ ಓಡಬೇಕು. ಈ ಕೆಲಸ ಕಲಿತ ಮೊದಲ ವಾರವೇ ಹೇಳಿಕೊಡುವ ಪಾಠ ಇದು. ನನಗೂ ಗೊತ್ತಿತ್ತು. ಆದರೆ ಉಳಿದ ತುಂಡುಗಳನ್ನು ಅಡ್ಡಡ್ಡ ಕತ್ತರಿಸಿದರೆ ಇನ್ನೂ 14 ಪುಸ್ತಕಕ್ಕೆ ರಟ್ಟು ಸಿಗುತ್ತಿತ್ತು. ಯಾರಿಗೆ ಕಾಣುತ್ತದೆ ಅಂತ ಕತ್ತರಿಸಿದೆ.

ಸಾಗಿಸುವುದು ಇನ್ನೊಂದು ಕಥೆ. ಕಾಗದ ಭಾರ. ಆ 160 ಪುಟದ ಪುಸ್ತಕದಲ್ಲಿ 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ಹಾಳೆಯೇ ಸುಮಾರು 250 ಗ್ರಾಂ, ರಟ್ಟು ಬಟ್ಟೆ ಸೇರಿದರೆ 350ರ ಹತ್ತಿರ. ಅಂಥ ನೂರು ಪುಸ್ತಕಕ್ಕೆ 35 ಕಿಲೋ. ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ತುಂಬಬೇಡಿ, ಹತ್ತು ಕಿಲೋ ಮೀರದ ಚಿಕ್ಕ ಪೆಟ್ಟಿಗೆ ಮಾಡಿ. ವ್ಯಾನ್ ನಿಲ್ಲಿಸಲು ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದರು. ನನ್ನ ಹಿಂದಿನ ಸರದಿಯವರು ತಡ ಮಾಡಿ ನನಗೆ ಹನ್ನೆರಡು ನಿಮಿಷ ಸಿಕ್ಕಿತು. ಗಾಲಿ ಇರುವ ಮಡಚುವ ಬಂಡಿಯೊಂದನ್ನು ಎರವಲು ತಂದಿದ್ದೆ, ಅದು ಇಲ್ಲದಿದ್ದರೆ ಅಲ್ಲೇ ಅಳುತ್ತಿದ್ದೆ.

ಒಳಗೆ ಹೋದ ಮೇಲೆ ಬೆಂಕಿ ಸುರಕ್ಷತೆಯವರು ಬಂದರು. ಹಿಂದಿನ ಗೋಡೆಗೆ ಚಂದದ ಹತ್ತಿ ಬಟ್ಟೆ ಇಳಿಬಿಟ್ಟಿದ್ದೆ. ಬೇಗ ಬೆಂಕಿ ಹತ್ತದ ಬಟ್ಟೆ ಎಂಬುದಕ್ಕೆ ಪ್ರಮಾಣಪತ್ರ ಇದೆಯಾ ಅಂತ ಕೇಳಿದರು. ಇರಲಿಲ್ಲ. ತೆಗೆಸಿದರು. ಇಂಥ ಸಭಾಂಗಣಗಳಲ್ಲಿ ತೂಗುಬಿಡುವ ಬಟ್ಟೆಗೆ ಇದನ್ನು ಕೇಳುವುದು ಮಾಮೂಲು. ನಾನು ಓದಿದ ನಿಯಮ ಪುಸ್ತಕದ 23ನೇ ಪುಟದಲ್ಲೇ ಇತ್ತಂತೆ, ನಾನು 10ಕ್ಕೇ ನಿಲ್ಲಿಸಿದ್ದೆ. ಬರಿಗೋಡೆಯ ಮುಂದೆ, ಬ್ಯಾಟರಿ ದೀಪಗಳ ಜೊತೆ, ಮನೆಯ ಮಡಚುವ ಮೇಜು ಹಾಕಿಕೊಂಡು ನಿಂತೆ. ಸುತ್ತಲಿನ ಸ್ಟಾಲ್‌ಗಳನ್ನು ನೋಡಿದರೆ ನನ್ನದು ಯಾರೋ ಮನೆ ಖಾಲಿ ಮಾಡುತ್ತಿರುವ ಹಾಗೆ ಕಾಣುತ್ತಿತ್ತು.

ಮೊದಲ ದಿನ ಮಧ್ಯಾಹ್ನದವರೆಗೆ ಮೂರು ಪುಸ್ತಕ ಹೋಯಿತು. ಜನ ಬರುತ್ತಾರೆ, ನೋಡುತ್ತಾರೆ, ‘ಒಳಗೆ ಏನೂ ಇಲ್ವಾ?’ ಅನ್ನುತ್ತಾರೆ, ಹೋಗುತ್ತಾರೆ. ಪಕ್ಕದ ಸ್ಟಾಲಿನಲ್ಲಿ ಬೆತ್ತದ ಬುಟ್ಟಿ ಹೆಣೆಯುವ ಹಿರಿಯರೊಬ್ಬರಿದ್ದರು. ಇಂಥ ಹತ್ತಾರು ಉತ್ಸವ ಕಂಡವರು. ಬೆಳಿಗ್ಗೆಯಿಂದ ನನ್ನ ಕಡೆ ನೋಡಿ ನೋಡಿ ಸಾಕಾಗಿ ಕೊನೆಗೆ ಕರೆದರು.

‘ನೋಡಮ್ಮ, ಆ ಬೋರ್ಡಿನಲ್ಲಿ ಏನು ಬರೆದಿದ್ದೀಯ?’

‘ನಮ್ಮ ಹೆಸರು, ಸಾರ್. ಬ್ರ್ಯಾಂಡ್.’

‘ಅದು ಯಾರಿಗೆ ಗೊತ್ತು? ಏನು ಮಾರ್ತಿದ್ದೀಯ ಅಂತ ಬರಿ. ಆಮೇಲೆ ಕುರ್ಚಿ ಆ ಕಡೆ ಇಟ್ಟು ನಿಂತ್ಕೋ. ಕೈಯಲ್ಲಿ ಏನಾದ್ರೂ ಕೆಲಸ ಇರ್ಲಿ.’

ಒಂದು ರಟ್ಟಿನ ಹಿಂಬದಿಯಲ್ಲಿ ದಪ್ಪ ಪೆನ್ನಿನಿಂದ ಬರೆದೆ. ಕೈಯಲ್ಲಿ ಹೊಲಿದ ಪುಸ್ತಕ. ಚಪ್ಪಟೆಯಾಗಿ ತೆರೆಯುತ್ತದೆ. ಕೆಳಗೆ ಒಂದು ಪುಸ್ತಕವನ್ನು ನಡುಪುಟಕ್ಕೆ ತೆರೆದು ಇಟ್ಟೆ. ಎಡಗಡೆ ಪುಟದಲ್ಲಿ ನಾನೇ ನಾಲ್ಕು ಸಾಲು ಗೀಚಿದೆ, ಪೆನ್ನನ್ನು ಪಕ್ಕದಲ್ಲಿಟ್ಟೆ. ನಿಂತುಕೊಂಡು ಫಾರಂ ಹೊಲಿಯಲು ಶುರು ಮಾಡಿದೆ. ಅವತ್ತು ಸಂಜೆಯೊಳಗೆ 19 ಹೋಯಿತು. ಅದೇ ಸಾಮಾನು, ಅದೇ ಮೇಜು. ಜನ ಸೂಜಿಗೆ ನಿಲ್ಲುತ್ತಾರೆ, ಬರಹ ಓದುತ್ತಾರೆ, ಆ ಪುಸ್ತಕದಲ್ಲಿ ತಾವೂ ಒಂದು ಸಾಲು ಬರೆಯುತ್ತಾರೆ. ಬರೆದ ಮೇಲೆ ಮುಚ್ಚಿ ತೆರೆದು ನೋಡುತ್ತಾರೆ. ಅಲ್ಲಿಗೆ ಮುಕ್ಕಾಲು ಪಾಲು ಕೊಂಡ ಹಾಗೆ. ಮಕ್ಕಳು ಬೆಕ್ಕಿನ ಚಿತ್ರ ಜಾಸ್ತಿ ಬಿಡಿಸಿದ್ದರು.

ಹೋದದ್ದರಲ್ಲಿ ಹೆಚ್ಚಿನದು ಆ ಅಂಗೈ ಅಗಲದ ಪುಸ್ತಕಗಳು. ಒಟ್ಟು ಮಾರಿದ 97ರಲ್ಲಿ 58 ಅವೇ. ನೋಡಲು ಬಂದವರು ಕೊಳ್ಳಲು ತಯಾರಾಗಿ ಬಂದಿರುವುದಿಲ್ಲ, ಅವರಿಗೆ ಹೆಚ್ಚು ಯೋಚಿಸದೆ ಕೊಳ್ಳಬಹುದಾದ ಒಂದು ಸಾಮಾನು ಬೇಕು. ದೊಡ್ಡ ಚರ್ಮದ ಹೊದಿಕೆಯದ್ದು ಎರಡು ಇಟ್ಟಿದ್ದೆ, ಎರಡೂ ಹೋಗಲಿಲ್ಲ. ಆದರೂ ಮುಂದಿನ ಸಲವೂ ಇಡುತ್ತೇನೆ. ಅದರ ಬೆಲೆ ನೋಡಿ ಬೆಚ್ಚಿದವರೇ ಚಿಕ್ಕದನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಕಾರ್ಡ್ ಯಂತ್ರಕ್ಕೆ ಸಭಾಂಗಣದ ವೈಫೈ ನಂಬಬೇಡಿ. ಜನ ತುಂಬಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ. ಎರಡು ಬೇರೆ ಕಂಪನಿಯ ಸಿಮ್ ಇರಲಿ, ಚಿಲ್ಲರೆ ಇರಲಿ, ಪವರ್ ಬ್ಯಾಂಕ್ ಇರಲಿ. ಒಬ್ಬಂಟಿಯಾಗಿ ಹೋಗುವವರು ಪಕ್ಕದವರ ಜೊತೆ ಮೊದಲೇ ಮಾತಾಡಿಕೊಳ್ಳಿ. ನಾನು ಶೌಚಾಲಯಕ್ಕೆ ಹೋದಾಗ ಬುಟ್ಟಿಯ ಸಾರ್ ನೋಡಿಕೊಳ್ಳುತ್ತಿದ್ದರು, ಅವರು ಹೋದಾಗ ನಾನು. ಒಂದು ಪುಸ್ತಕ ಕಳುವಾಯಿತು. ಅದು ನಾನು ನಿಂತಿರುವಾಗಲೇ.

ಎರಡನೇ ದಿನ ಅಂಗಡಿಯವರೊಬ್ಬರು ಬಂದರು. ಮೂರ್ನಾಲ್ಕು ಪುಸ್ತಕ ತಿರುವಿ ನೋಡಿ, ‘ಸಗಟು ಬೆಲೆ ಏನು? ಕನಿಷ್ಠ ಎಷ್ಟು ತಗೋಬೇಕು? ಎಷ್ಟು ವಾರಕ್ಕೆ ಕೊಡ್ತೀರಿ?’ ಅಂತ ಕೇಳಿದರು. ಮೂರಕ್ಕೂ ನನ್ನ ಬಳಿ ಉತ್ತರವಿಲ್ಲ. ತಡವರಿಸಿದೆ. ಬುಟ್ಟಿಯ ಸಾರ್ ಅಲ್ಲಿಂದಲೇ, ‘ಇವರು ಸೋಮವಾರ ಬೆಲೆಪಟ್ಟಿ ಕಳಿಸ್ತಾರೆ, ಕಾರ್ಡ್ ಕೊಟ್ಟು ಹೋಗಿ ಸಾರ್’ ಎಂದರು. ಆ ರಾತ್ರಿ ಮನೆಗೆ ಬಂದು ಮೊದಲ ಬಾರಿಗೆ ಸರಿಯಾಗಿ ಲೆಕ್ಕ ಹಾಕಿದೆ. ಅಂಗಡಿಯವರು ಕೊಂಡ ಬೆಲೆಯ ಸುಮಾರು ಎರಡರಷ್ಟಕ್ಕೆ ಮಾರುವುದು ರೂಢಿ. ಅಂದರೆ ನಾನು ಮೇಜಿನ ಮೇಲೆ ಹಾಕಿದ ಬೆಲೆಯ ಅರ್ಧವೇ ನನಗೆ ಸಿಗುವುದು. ಆ ಅರ್ಧದಲ್ಲಿ ಕಾಗದ, ಬಟ್ಟೆ, ದಾರ ಕಳೆದರೆ ಎರಡು ಗಂಟೆಯ ಕೆಲಸಕ್ಕೆ ಉಳಿಯುವುದು ನೋಡಿದರೆ ನಗು ಬಂತು. ಆರು ವರ್ಷ ನನ್ನ ಗಂಟೆಗಳಿಗೆ ನಾನು ಬೆಲೆಯನ್ನೇ ಹಾಕಿರಲಿಲ್ಲ!

ರಾತ್ರೋರಾತ್ರಿ ಬೆಲೆಚೀಟಿ ಬದಲಾಯಿಸಬೇಕು ಅನ್ನಿಸಿತು. ಬದಲಾಯಿಸಲಿಲ್ಲ. ಮೊದಲ ದಿನ ನೋಡಿ ಹೋದವರು ಮೂರನೇ ದಿನ ವಾಪಸ್ ಬಂದು ಕೊಳ್ಳುತ್ತಾರೆ, ಅವರ ಮುಂದೆ ಬೆಲೆ ಏರಿಸಿ ನಿಂತರೆ ಮರ್ಯಾದೆ ಇರುವುದಿಲ್ಲ. ನೀವು ಮಾತ್ರ ಹೋಗುವ ಮುಂಚೆಯೇ ಈ ಲೆಕ್ಕ ಮುಗಿಸಿ, ಒಂದು ಹಾಳೆಯಲ್ಲಿ ಸಗಟು ಬೆಲೆ, ಕನಿಷ್ಠ ಸಂಖ್ಯೆ, ಬೇಕಾಗುವ ವಾರ, ಮುಂಗಡ ಎಷ್ಟು ಎಂದು ಅಚ್ಚು ಹಾಕಿಸಿಕೊಳ್ಳಿ. ಅದನ್ನು ಮೇಜಿನ ಕೆಳಗೆ ಇಟ್ಟಿರಿ, ಮೇಲೆ ಇಡಬೇಡಿ. ಕೆಲವರು ‘ಮಾರಿದ ಮೇಲೆ ದುಡ್ಡು’ ಅನ್ನುತ್ತಾರೆ. ಅಂಗಡಿಯವರ ಪಾಲು 30ರಿಂದ 50 ಪರ್ಸೆಂಟ್ ಇರುವುದುಂಟು. ಹಾಗೆ ಕೊಡುವುದಾದರೆ ಸಾಮಾನು ಹಾಳಾದರೆ ಯಾರ ಹೊಣೆ ಅಂತ ಬರೆಸಿಕೊಳ್ಳದೆ ಕೊಡಬೇಡಿ, ಕಾಗದದ ಸಾಮಾನು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ.

ಮೂರನೇ ದಿನದ ಹಿಂದಿನ ರಾತ್ರಿ ಮಳೆ ಬಂತು. ಸಭಾಂಗಣದೊಳಗೆ ನೀರು ಬರಲಿಲ್ಲ, ತೇವ ಬಂತು. ಬೆಳಿಗ್ಗೆ ಹೋಗಿ ಮುಸುಕು ತೆಗೆದಾಗ ಏನೂ ಗೊತ್ತಾಗಲಿಲ್ಲ. ಮೇಲಿನ ದೊಡ್ಡ ದೀಪಗಳು ಹತ್ತಿ ಎರಡು ಗಂಟೆಯಾಗುವಷ್ಟರಲ್ಲಿ ಮೇಜಿನ ಮೇಲಿನ ಕೆಲವು ಪುಸ್ತಕಗಳ ರಟ್ಟು ನಿಧಾನವಾಗಿ ಮೇಲಕ್ಕೆ ಬಾಗತೊಡಗಿತು. ರಾತ್ರಿಯಿಡೀ ತೇವ ಕುಡಿದ ರಟ್ಟಿನ ಹೊರಮೈ ಬಿಸಿಗೆ ಮೊದಲು ಒಣಗಿ ಎಳೆದುಕೊಳ್ಳುತ್ತಿತ್ತು. ಜನರ ಕಣ್ಣೆದುರೇ ಒಂದೊಂದಾಗಿ ಬಾಯಿ ಬಿಟ್ಟವು. ಎಣಿಸುವ ಅಗತ್ಯವೇ ಇರಲಿಲ್ಲ, ಆದರೂ ಎಣಿಸಿದೆ. ಹದಿನಾಲ್ಕು. ನೆಟ್ಟಗೆ ಕತ್ತರಿಸಿದ್ದ ಒಂದೂ ಅಲುಗಲಿಲ್ಲ.

ಎಲ್ಲವನ್ನೂ ಎತ್ತಿ ಪೆಟ್ಟಿಗೆಗೆ ಹಾಕಿದೆ. ಅವುಗಳಲ್ಲಿ ಯಾವುದಾದರೂ ಮೊದಲೆರಡು ದಿನ ಮಾರಿ ಹೋಗಿದ್ದರೆ ಏನು ಗತಿ ಅಂತ ಆಮೇಲೆ ಹೊಳೆಯಿತು. ಪುಣ್ಯಕ್ಕೆ ಅಷ್ಟೂ ದೊಡ್ಡ ಅಳತೆಯವು, ಹಿಂದಿನ ಸಾಲಿನಲ್ಲಿದ್ದವು, ಯಾರೂ ತೆಗೆದುಕೊಂಡಿರಲಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ರಾತ್ರಿ ಮುಚ್ಚಿದ ಡಬ್ಬದಲ್ಲಿಟ್ಟು ಹೋಗುವುದು ಕಾಗದದವರಿಗೆ ಒಳ್ಳೆಯದು. ನಾರಿನ ದಿಕ್ಕು ಸರಿ ಇಟ್ಟುಕೊಳ್ಳುವುದು ಅದಕ್ಕಿಂತ ಒಳ್ಳೆಯದು.

ತೆರೆದ ಕಾರ್ಯಾಗಾರ ಕೊನೆಯ ಶನಿವಾರ, ಭಾನುವಾರ. ಎರಡು ದಿನಕ್ಕೆ 43 ಜನ ಬಂದರು. ಅಲ್ಲಿ ಮಾರಾಟ ಕಡಿಮೆ, ಮಾತು ಜಾಸ್ತಿ. ಅಜ್ಜಿಯ ಹರಿದ ಅಡುಗೆ ಪುಸ್ತಕವನ್ನು ಎದೆಗವುಚಿಕೊಂಡು ಬಂದ ಒಬ್ಬರು ಮೂರು ಮಹಡಿ ಹತ್ತಿ ಬಂದು, ಸುಧಾರಿಸಿಕೊಂಡು, ಇದನ್ನು ಹೊಲಿದು ಕೊಡ್ತೀರಾ ಅಂತ ಕೇಳಿದರು. ರಿಪೇರಿ ಕೆಲಸ ನಾನು ಮಾಡುವುದಿಲ್ಲ ಎಂದಿದ್ದೆ ಇಷ್ಟು ದಿನ. ಅದು ಈಗ ನನ್ನ ಮೇಜಿನ ಮೇಲಿದೆ.

ದುಡ್ಡಿನ ವಿಷಯ. ಒಟ್ಟು ಖರ್ಚನ್ನು ನೂರು ಅಂದುಕೊಂಡರೆ ಸ್ಟಾಲ್ ಮತ್ತು ನಕ್ಷೆಯ ಶುಲ್ಕವೇ 41. ಕಾಗದ, ರಟ್ಟು, ಬಟ್ಟೆ 22. ದೀಪ, ಸ್ಟ್ಯಾಂಡು, ಬೋರ್ಡು ಎಲ್ಲ ಸೇರಿ 15. ಸಾಗಾಟ 7, ವಿಮೆ 5, ಕಾರ್ಡು ಚೀಟಿ ಅಚ್ಚು 4, ಕಾರ್ಡ್ ಯಂತ್ರದ ಕಮಿಷನ್ನು, ಊಟ ತಿಂಡಿ ಅಂತ ಉಳಿದ 6. ಕೈಗೆ ಬಂದದ್ದು 118. ಅಂದರೆ ಉಳಿದದ್ದು 18, ಮತ್ತು ನನ್ನ ಸುಮಾರು ಒಂದು ತಿಂಗಳ ದುಡಿಮೆಗೆ ಅಷ್ಟೇ ಕೂಲಿ. ನಷ್ಟವಾಗಿಲ್ಲ ಅಂತ ಹೇಳಿಕೊಳ್ಳಬಹುದು. ಹೆಚ್ಚಿನವರು ಅಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ, ಮತ್ತೆ ಹೋಗುವುದಿಲ್ಲ. ಸೋಮವಾರ ನಾನು ಬೆಲೆಪಟ್ಟಿ ಕಳಿಸಿದೆ, ಮೂರನೇ ಒಂದು ಭಾಗ ಏರಿಸಿದ ಹೊಸ ಬೆಲೆಯಲ್ಲಿ. ಗುರುವಾರ ಉತ್ತರ ಬಂತು. ಚಿಕ್ಕವು 60 ಬೇಕು, ಅರ್ಧ ಮುಂಗಡ, ಆರು ವಾರ ಸಮಯ. ಸಗಟಿಗೆ ಕೇಳಿದ್ದ ಇನ್ನಿಬ್ಬರಿಗೆ ಆಗುವುದಿಲ್ಲ ಎಂದು ಬರೆದೆ. ಒಬ್ಬರು ಹತ್ತು ದಿನದಲ್ಲಿ 200 ಕೇಳಿದ್ದರು.

ನನ್ನ ಸ್ಟಾಲಿನ ಫೋಟೋ ತೆಗೆದುಕೊಂಡು ಹೋದವರ ಬಗ್ಗೆ, ಯಾರಾದರೂ ನಕಲು ಮಾಡಿದರೆ ಏನು ಮಾಡುತ್ತೀರಿ ಅಂತ ಗೆಳತಿಯೊಬ್ಬಳು ಕೇಳಿದಳು. ಹೊಲಿಗೆ ಯಾರದ್ದೂ ಸ್ವಂತದ್ದಲ್ಲ, ನೂರಾರು ವರ್ಷದಿಂದ ಬಂದಿರುವುದು. ಅದಕ್ಕೆ ನಿದ್ದೆ ಕೆಡಿಸಿಕೊಂಡಿಲ್ಲ. ನಿಮ್ಮದು ಹೊಸ ವಿನ್ಯಾಸವಾಗಿದ್ದರೆ ಉತ್ಸವದಲ್ಲಿ ತೋರಿಸುವ ಮುಂಚೆಯೇ ನೋಂದಣಿಯ ಬಗ್ಗೆ ವಿಚಾರಿಸಿ. ಒಮ್ಮೆ ಬಹಿರಂಗವಾಗಿ ತೋರಿಸಿದ ಮೇಲೆ ಹೊಸದು ಎಂದು ನೋಂದಾಯಿಸಿಕೊಳ್ಳುವುದು ಎಷ್ಟೋ ಕಡೆ ಕಷ್ಟವಾಗುತ್ತದೆ.

ಬಾಗಿದವನ್ನು ಬಿಟ್ಟು, ಮಾರಾಟವಾಗದೆ ಉಳಿದದ್ದು 38. ಬಾಗಿದ 14ನ್ನು ಒಣ ಹಾಳೆಗಳ ನಡುವೆ ಇಟ್ಟು, ಮೇಲೆ ಪ್ರೆಸ್ ಬಿಗಿದು ಒಂದು ವಾರ ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಬಿಚ್ಚಿದೆ. ಹನ್ನೊಂದು ನೆಟ್ಟಗಾಗಿವೆ, ಮುಂದಿನ ಮಳೆಯವರೆಗೆ. ಅವನ್ನು ಮಾರುವುದಿಲ್ಲ. ಪಕ್ಕದ ಶಾಲೆಯ ಮಕ್ಕಳಿಗೆ ಕೊಡುತ್ತೇನೆ, ಅವರು ಹೇಗಿದ್ದರೂ ಬೆಕ್ಕು ಬಿಡಿಸುತ್ತಾರೆ. ಮೂರು ಇನ್ನೂ ಬಾಯಿ ಬಿಟ್ಟುಕೊಂಡೇ ಇವೆ. ಅದರಲ್ಲಿ ಒಂದನ್ನು ನಾನೇ ಇಟ್ಟುಕೊಂಡು, ಮೊದಲ ಪುಟದಲ್ಲಿ ಮುಂದಿನ ವರ್ಷದ ಅರ್ಜಿಯ ಕೊನೆಯ ದಿನ ಬರೆದಿದ್ದೇನೆ. ಒಂದೊಂದು ಅರ್ಜಿಗೂ ಬೇರೆ ಬೇರೆ ದಿನ.